ಭಂಡಾರದ ಮೇಲೆ ಸೀಲಂಟ್

ಶೆಡ್ಡಿಗೆ ಬಂದ ಗಾಡಿಗೆ ನಾನು ಮೊದಲೇ ನೀರು ಹಾಕುವುದಿಲ್ಲ. ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬರುತ್ತೇನೆ. ಎಲ್ಲಿ ಗೀರು ಬಿದ್ದಿದೆ, ಎಲ್ಲಿ ಹಕ್ಕಿ ಹಿಕ್ಕೆ ಬಣ್ಣ ತಿಂದಿದೆ, ಎಲ್ಲಿ ಹಿಂದಿನವರು ಬಣ್ಣ ಹೊಡೆಸಿ ಮುಚ್ಚಿದ್ದಾರೆ ಎಂದು ನೋಡಿ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಆ ಸೋಮವಾರ ಬರೆದದ್ದು ಹೀಗಿದೆ: ‘ಬಿಳಿ ಗಾಡಿ. ಹಳದಿ ನಂಬರ್ ಬೋರ್ಡು. ಬಾನೆಟ್, ಟಾಪು, ಎಡಬಲ ಬಾಗಿಲು, ಎಲ್ಲ ಕಡೆ ಭಂಡಾರ.’

ಗಾಡಿ ತಂದವನು ಕದರಮಂಡಲಗಿಯ ಡ್ರೈವರ್. ಹದಿನೆಂಟು ವರ್ಷ ಬೇರೆಯವರ ಗಾಡಿ ಹೊಡೆದವನು. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಹತ್ತಿರ ಆರು ವರ್ಷ ಓಡಿದ ಈ ಕಾರನ್ನು ಕೊಂಡು ಟ್ಯಾಕ್ಸಿ ಪರವಾನಗಿ ಮಾಡಿಸಿದ್ದ. ಹಾವೇರಿಯ ಒಂದು ಕಚೇರಿಯವರು ವರ್ಷದ ಬಾಡಿಗೆಗೆ ಒಂದೇ ಒಂದು ಗಾಡಿ ತೆಗೆದುಕೊಳ್ಳುವವರಿದ್ದರು. ಶುಕ್ರವಾರ ತಪಾಸಣೆ. ಗಾಡಿ ಬಿಳಿ ಇರಬೇಕು, ಕಲೆ ಇರಬಾರದು, ಅಪಘಾತವಾಗಿ ಬಣ್ಣ ಹೊಡೆಸಿದ್ದು ನಡೆಯುವುದಿಲ್ಲ. ಪಟ್ಟಿಯಲ್ಲಿ ಇವನ ಹೆಸರು ಮೊದಲನೆಯದು. ಇವನ ಗಾಡಿ ಬೇಡವೆಂದರೆ ಎರಡನೆಯವನನ್ನು ಕರೆಯುತ್ತಾರೆ.

“ಭಾಯ್, ಶುಕ್ರವಾರ ಹನ್ನೊಂದಕ್ಕ ಹಾವೇರ್ಯಾಗ ನಿಲ್ಲಸಬೇಕ್ರಿ. ಅಷ್ಟರಾಗ ಶೋರೂಮಿನ್ಯಾಗಿಂದ ಈಗ ಬಂದಂಗ ಕಾಣಬೇಕು,” ಅಂದ.

“ಆರು ವರ್ಷದ ಗಾಡಿ ಐತೋ ತಮ್ಮಾ. ಅದಕ್ಕ ಶೋರೂಮ್ ನೆನಪರ ಐತೋ ಇಲ್ಲೋ.”

“ನನಗ ನಲವತ್ತೆರಡ್ರಿ. ನಮ್ಮವ್ವ ಇನ್ನೂ ಕೂಸು ಅಂತಾಳ. ಹಂಗ ತಿಳೀರಿ.”

ಶನಿವಾರ ತಾಯಿ ಮಗ ದೇವರಗುಡ್ಡಕ್ಕೆ ಹೋಗಿ ಮೈಲಾರಲಿಂಗನಿಗೆ ಗಾಡಿ ತೋರಿಸಿಕೊಂಡು ಬಂದಿದ್ದರು. ನಮ್ಮ ಕಡೆ ಅಲ್ಲಿಗೆ ಹೋದ ಗಾಡಿ ಬಿಳಿಯಾಗಿ ತಿರುಗಿ ಬರುವುದಿಲ್ಲ. ಭಂಡಾರವೆಂದು ಅರಿಶಿನದ ಪುಡಿಯನ್ನು ಮುಷ್ಟಿಗಟ್ಟಲೆ ಎರಚುತ್ತಾರೆ. ಆದರೆ ಇವನ ತಾಯಿ ಎರಚಿದ್ದು ಗಾಳಿಗೆ ಹಾರಿಹೋಗುತ್ತದೆ ಎಂದು ಭಂಡಾರವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಬಾನೆಟ್ಟಿಗೂ ಬಾಗಿಲುಗಳಿಗೂ ಐದೈದು ಬೆರಳು ಮೂಡಿಸಿದ್ದಳು. ಮಗ ಇನ್ನೂ ಒಂದು ಕೆಲಸ ಮಾಡಿದ್ದ. ಹೊಸದಾಗಿ ತಂದದ್ದಕ್ಕೆ ದೃಷ್ಟಿ ತಾಗಬಾರದೆಂದು ಮನೆಗೆ ಬಂದವನೇ ಮೇಲೊಂದು ದಪ್ಪ ಕವರು ಹೊದಿಸಿ ಎರಡು ರಾತ್ರಿ, ಒಂದು ಹಗಲು ಹಾಗೇ ಬಿಟ್ಟಿದ್ದ. ಆ ಕಾವಿನಲ್ಲಿ ಎಣ್ಣೆಯ ಹಳದಿ ಬಣ್ಣದೊಳಕ್ಕೆ ಇಳಿಯುವಷ್ಟು ಇಳಿದಿತ್ತು. ಇದೆಲ್ಲ ನನಗೆ ಆಮೇಲೆ ಹೊಳೆದದ್ದು.

ಮೊದಲು ಒಣ ಪುಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ಪೇಪರಿನ ಮೇಲೆ ಇಳಿಸಿಕೊಂಡೆ.

“ನೀರು ಬಿಟ್ಟಿದ್ರ ಹೋಗ್ತಿತ್ತಲ್ರಿ ಭಾಯ್?”

“ಹೋಗ್ತಿತ್ತು, ಗಟಾರಕ್ಕ. ಆಮ್ಯಾಲೆ ಅದರಾಗ ನಾವಿಬ್ರೂ ಚಪ್ಪಲಿ ಹಾಕ್ಕೊಂಡು ಅಡ್ಯಾಡ್ತೇವಿ. ಪುಡಿ ಕಟ್ಟಿ ಕೊಡ್ತೇನಿ, ನಿಮ್ಮವ್ವಗ ಮುಟ್ಟಸು.”

ಬಳಿಕ ಎರಡು ಬಕೀಟು ಇಟ್ಟುಕೊಂಡು ತೊಳೆದೆ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕೈಗವುಸನ್ನು ಪ್ರತಿ ಸಲ ಬರೀ ನೀರಿನಲ್ಲಿ ಹಿಂಡಿಯೇ ಶಾಂಪೂವಿಗೆ ಅದ್ದಬೇಕು, ಇಲ್ಲದಿದ್ದರೆ ಇಲ್ಲಿಯ ಮಣ್ಣೇ ಅಲ್ಲಿ ಗೀರು ಎಳೆಯುತ್ತದೆ. ಎಣ್ಣೆ ಜಿಡ್ಡನ್ನು ಹಳೆಯ ಬಿಳಿ ಧೋತರದ ತುಂಡಿನಿಂದ ಒರೆಸಿ, ಆ ತುಂಡನ್ನು ಹಿಂಡಿ ಅಂಗಳದ ತಂತಿಯ ಮೇಲೆ ಎಸೆದೆ.

ಈ ಗಾಡಿಯ ಬಣ್ಣದ ಬಗ್ಗೆ ಒಂದು ಮಾತು ಹೇಳಬೇಕು. ಹೊಳೆಯುವ ಕಣ ಬೆರೆತ ಬಣ್ಣಗಳಿಗೆ ಮೇಲೊಂದು ಪಾರದರ್ಶಕ ಪದರ ಇರುತ್ತದೆ, ಪಾಲಿಶ್ ಮಾಡಿದರೆ ಸವೆಯುವುದು ಅದು. ಈ ಸಾದಾ ಬಿಳಿಗೆ ಅಂಥ ಕಾವಲಿಲ್ಲ. ಉಜ್ಜಿದರೆ ಬಣ್ಣವೇ ಹೋಗುತ್ತದೆ, ಪ್ಯಾಡಿಗೆ ಸುಣ್ಣದ ಹಾಗೆ ಮೆತ್ತಿಕೊಳ್ಳುತ್ತದೆ. ಹಳೆಯ ಮಾಲೀಕರು ವರ್ಷಕ್ಕೊಮ್ಮೆ ದೀಪಾವಳಿಗೆ ಮಶಿನ್ ಪಾಲಿಶ್ ಮಾಡಿಸುತ್ತಿದ್ದರಂತೆ. ಬಾನೆಟ್ಟಿನ ಅಂಚಿನ ಏಣಿನಲ್ಲಿ ಬೆರಳಾಡಿಸಿದರೆ ಗೊತ್ತಾಗುತ್ತಿತ್ತು, ಬಣ್ಣ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಉಳಿದಿದೆ. ಹಾಗಾಗಿ ಮಂಗಳವಾರ ಮಶಿನ್ ಹಿಡಿಯಲಿಲ್ಲ. ಕ್ಲೇ ಉಂಡೆಯಿಂದ ಮೈಯನ್ನು ಮೆತ್ತಗೆ ಸವರಿ ಅಂಟಿದ್ದ ಕಸ ತೆಗೆದು, ಕೈಯಿಂದಲೇ ಸಣ್ಣ ಪಾಲಿಶ್ ಕೊಟ್ಟು, ಸೀಲಂಟ್ ಹಚ್ಚಿದೆ.

ಮೇಣ ಹಚ್ಚುತ್ತೀರೋ ಸೀಲಂಟೋ ಎಂದು ಗಿರಾಕಿಗಳು ಕೇಳುತ್ತಾರೆ. ಮೇಣದ ಹೊಳಪು ತುಪ್ಪದ ಹೊಳಪು, ನೋಡಲು ಚೆಂದ. ಆದರೆ ನಮ್ಮ ಬಿಸಿಲಿಗೆ ಎರಡು ತಿಂಗಳೂ ಬಾಳುವುದಿಲ್ಲ. ಸೀಲಂಟ್ ಗಾಜಿನಂತೆ ಹಿಡಿದುಕೊಳ್ಳುತ್ತದೆ, ಐದಾರು ತಿಂಗಳು ಬಿಸಿಲನ್ನು ತಡೆಯುತ್ತದೆ. ದಿನಾ ಬಿಸಿಲಲ್ಲಿ ನಿಲ್ಲುವ ಟ್ಯಾಕ್ಸಿಗೆ ಅದೇ ಸರಿ ಎಂದು ಡ್ರೈವರಿಗೂ ಹೇಳಿದ್ದೆ. ಹಚ್ಚಿದ ಮೇಲೆ ಒಂದು ರಾತ್ರಿ ಮುಟ್ಟದೆ ಬಿಡಬೇಕು, ಅಷ್ಟೇ.

ನನ್ನ ಶೆಡ್ ಇರುವುದು ರಾಣೆಬೆನ್ನೂರಿನ ಹೊರಗೆ, ಲಾರಿಗಳು ಓಡಾಡುವ ರಸ್ತೆಗೆ ಮುಖ ಮಾಡಿ. ಬ್ಯಾಡಗಿಗೆ ಹೋಗುವ ಮೆಣಸಿನಕಾಯಿ ಲಾರಿಗಳ ಧೂಳು ಒಳಗೆ ಬರಬಾರದೆಂದು ಕೆಲಸದ ಹೊತ್ತಿಗೆ ತಾಡಪತ್ರಿ ಪರದೆ ಇಳಿಸಿಬಿಡುತ್ತೇನೆ. ಒಳಗೆ ಹಗಲಿಗೂ ದೀಪವೇ ಬೇಕು. ಆ ದೀಪಗಳೂ ಹಳದಿ ಬೆಳಕಿನವು, ನಾನೇ ಆರಿಸಿ ಹಾಕಿಸಿದ್ದು. ಬಿಳಿ ಗಾಡಿಯ ಮೇಲಿನ ಸಣ್ಣ ಗೀರುಗಳು ಬಿಳಿ ಬೆಳಕಿನಲ್ಲಿ ಕಾಣುವುದೇ ಇಲ್ಲ, ಹಳದಿಯಲ್ಲಿ ಎದ್ದು ಕಾಣುತ್ತವೆ. ಮಂಗಳವಾರ ಸೀಲಂಟ್ ಹಚ್ಚುವಾಗ ಬಾನೆಟ್ಟಿನ ಮೇಲೆ ಏನೋ ಒಂದು ಛಾಯೆ ಕಂಡಂತಾಯಿತು. ದೀಪದ್ದಿರಬೇಕು ಎಂದುಕೊಂಡೆ. ಪರದೆ ಎತ್ತಿ ಒಂದು ಸಲ ನೋಡಲು ಅರ್ಧ ನಿಮಿಷ ಸಾಕಿತ್ತು. ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಗಾಡಿಯನ್ನು ಹೊರಗೆ ತಂದು ಅಂಗಳದಲ್ಲಿ ನಿಲ್ಲಿಸಿ ಇಳಿದೆ. ಡ್ರೈವರ್ ಅಷ್ಟರಲ್ಲಿ ಬಂದಿದ್ದ. ಇಬ್ಬರೂ ಒಟ್ಟಿಗೇ ನೋಡಿದೆವು. ಹೊಳಪು ಕನ್ನಡಿಯಂತಿತ್ತು. ಆ ಕನ್ನಡಿಯ ಕೆಳಗೆ, ಬಾನೆಟ್ಟಿನ ತುಂಬ ಹಳದಿ ಮೋಡ. ಬಾಗಿಲುಗಳ ಮೇಲೆ ಐದೈದು ಬೆರಳು, ಎಣಿಸಬಹುದಿತ್ತು.

ಅವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದು ಹೇಳಿದ, “ಭಾಯ್, ಬೋರ್ಡ್ ಅಷ್ಟ ಹಳದಿ ಇರಬೇಕಂತ ರೂಲ್ ಇತ್ರಿ.”

ನಗಲು ನೋಡಿದ. ಬಾಯಿ ನಗಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕುಳಿತ.

ಗಾಬರಿಯಲ್ಲಿ ಮಾಡಿದ ಕೆಲಸ ಎಂದೂ ನೆಟ್ಟಗಾಗುವುದಿಲ್ಲ. ಸೀಲಂಟ್ ಕಿತ್ತು ಬರಲಿ ಎಂದು ಎಂಜಿನ್ ತೊಳೆಯುವ ಕ್ಷಾರದ ಸೋಪಿನ ನೀರು ಮಾಡಿ ಬಾನೆಟ್ಟಿನ ಮೇಲೆ ಉಜ್ಜಿದೆ. ನಾಲ್ಕು ಸಲ ಉಜ್ಜಿರಬೇಕು. ಹಳದಿ ಹೋಯಿತು. ಅದರ ಜಾಗದಲ್ಲಿ ಕೆಂಪು ಬಂತು! ಮೊದಲು ಇಟ್ಟಿಗೆ ಬಣ್ಣ, ನೋಡನೋಡುತ್ತ ನೆತ್ತರ ಬಣ್ಣ.

ಡ್ರೈವರ್ ಎದ್ದು ನಿಂತ. “ನಾನು ಮೈಲಾರಪ್ಪಗ ಭಂಡಾರ ಹಾಕಿಸಿದ್ದೆ. ನೀವು ಎಲ್ಲವ್ವಗ ಕುಂಕುಮ ಮಾಡಿ ಕೊಟ್ರಿ!”

ನಾಚಿಕೆಯಾಯಿತು. ಅರಿಶಿನಕ್ಕೆ ಸುಣ್ಣ ಕಲಸಿದರೆ ಕೆಂಪಾಗುತ್ತದೆ ಎಂಬುದು ಗೊತ್ತಿಲ್ಲದ ಸಂಗತಿಯಲ್ಲ. ನಮ್ಮ ಓಣಿಯಲ್ಲಿ ಬಾಣಂತಿಯರಿಗೆ, ಮದುಮಕ್ಕಳಿಗೆ ಕೆಂಪು ನೀರು ನಿವಾಳಿಸುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸೋಪಿನ ಕ್ಷಾರವೂ ಸುಣ್ಣದ ಕೆಲಸವನ್ನೇ ಮಾಡುತ್ತದೆ. ಮನೆ ಶೆಡ್ಡಿನ ಹಿಂದೆಯೇ ಇದೆ. ಹೆಂಡತಿಯನ್ನು ಕರೆದು ನಾಲ್ಕು ಲಿಂಬೆಹಣ್ಣು ಹಿಂಡಿಸಿ ಬಕೀಟು ನೀರಿಗೆ ಹಾಕಿ ಸುರಿದೆ. ಕೆಂಪು ಇಳಿದು ಮತ್ತೆ ಹಳದಿಯಾಯಿತು. ಹಳದಿ ಕಂಡು ಅಷ್ಟೊಂದು ಸಮಾಧಾನವಾದದ್ದು ಅದೇ ಮೊದಲು. ಕೂಡಲೇ ಚೊಕ್ಕ ನೀರಿನಿಂದ ತೊಳೆದೆ.

ಇನ್ನು ಉಳಿದದ್ದು ಕಂಪೌಂಡ್, ಮೇಲಿನ ಬಣ್ಣವನ್ನೇ ಕೆರೆದು ತೆಗೆಯುವ ಒರಟು ಪಾಲಿಶ್. ಬಾನೆಟ್ಟಿನ ಮೂಲೆಯಲ್ಲಿ ಅಂಗೈಯಗಲ ಜಾಗಕ್ಕೆ ಸುತ್ತ ಟೇಪು ಹಚ್ಚಿ, ಮಶಿನ್ನನ್ನು ಅತಿ ನಿಧಾನದ ವೇಗಕ್ಕಿಟ್ಟು ಎರಡು ಸಲ ಆಡಿಸಿದೆ. ಹಳದಿ ಅರ್ಧ ಇಳಿಯಿತು. ಪ್ಯಾಡ್ ತಿರುಗಿಸಿ ನೋಡಿದರೆ ಹಾಲಿನಂತೆ ಬಿಳಿ. ಟೇಪು ಬಿಚ್ಚಿದೆ. ಏಣಿನ ಮೇಲೆ ಕೂದಲೆಳೆಯಷ್ಟು ಬೂದು ಗೆರೆ ಕಂಡಿತು. ಅದು ಬಣ್ಣದ ಕೆಳಗಿನ ಪ್ರೈಮರ್. ಇನ್ನೆರಡು ಸಲ ಆಡಿಸಿದ್ದರೆ ಬಾನೆಟ್ಟಿಗೆ ಬಣ್ಣವೇ ಉಳಿಯುತ್ತಿರಲಿಲ್ಲ. ಮಶಿನ್ ವೈರು ಕಿತ್ತು ಒಳಗಿಟ್ಟೆ.

ಹಾವೇರಿಯಲ್ಲಿ ಬಣ್ಣದ ಗ್ಯಾರೇಜಿನ ಒಬ್ಬ ಹಿರಿಯರಿದ್ದಾರೆ. ನನಗೆ ಸ್ಪ್ರೇ ಗನ್ ಹಿಡಿಯಲು ಕಲಿಸಿದವರು. ಅವರಿಗೆ ಫೋನ್ ಮಾಡಿದೆ.

“ಬಾನೆಟ್, ಟಾಪು, ಎರಡು ಬಾಗಲಾ. ತಗೊಂಡ ಬಾ, ಹೊಡ್ದ ಕೊಡ್ತೇನಿ,” ಅಂದರು. “ಆದರ ಇವತ್ತ ಮೂರರೊಳಗ ನನ್ನ ಗ್ಯಾರೇಜಿನ್ಯಾಗ ಇರಬೇಕು. ತಡಾ ಆದ್ರ ಶುಕ್ರವಾರಕ್ಕ ಒಣಗೂದಿಲ್ಲ, ಬೆರಳಿಟ್ಟರ ಗುರುತ ಮೂಡ್ತೈತಿ.”

“ಹೊಸಾ ಬಣ್ಣ ಅಂತ ಗೊತ್ತಾಗ್ತದೇನ್ರಿ ಉಸ್ತಾದ್?”

“ನೋಡೂ ಕಣ್ಣಿದ್ದಾಂವಗ ಗೊತ್ತಾಗ್ತೈತೋ ಮಾರಾಯಾ. ನಿನಗ ಆಗೂದಿಲ್ಲೇನು?”

ನನಗೆ ಆಗುತ್ತದೆ. ಬಾಗಿಲಿನ ರಬ್ಬರಿನಡಿ ಬಣ್ಣದ ಅಂಚು ಸಿಗುತ್ತದೆ, ಬಿಳಿಗೆ ಬಿಳಿ ಹೊಂದುವುದಿಲ್ಲ. ನಾಲ್ಕು ಕಡೆ ಹೊಸ ಬಣ್ಣವಿದ್ದ ಗಾಡಿಯನ್ನು ಯಾರು ನೋಡಿದರೂ ಪಲ್ಟಿ ಹೊಡೆದದ್ದು ಎಂದೇ ಹೇಳುತ್ತಾರೆ. ಬಣ್ಣ ಹೊಡೆಸಿದರೆ ಅಪಘಾತದ ಗಾಡಿ, ಬಿಟ್ಟರೆ ಕಲೆಯ ಗಾಡಿ. ಇದನ್ನು ಡ್ರೈವರಿಗೆ ಬಿಡಿಸಿ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವನು ಬೈದಿದ್ದರೆ ಹಗುರಾಗುತ್ತಿತ್ತು. “ನೀವು ಹೆಂಗ ಹೇಳ್ತೀರಿ ಹಂಗ್ರಿ ಭಾಯ್,” ಅಂದುಬಿಟ್ಟ. ಅವನಿಗೆ ಚಹಾ ತರಿಸಿದೆ. ನಾಷ್ಟಾ ಬೇಡವೆಂದ.

“ಅಜೀ, ರೋಟಿ ಥಂಡಿ ಹೋರೈ,” ಎಂದು ಹೆಂಡತಿ ಎರಡನೆಯ ಸಲ ಕೂಗಿದಳು. ರೊಟ್ಟಿ ಆರಿದರೆ ಅವಳಿಗೆ ಸಿಟ್ಟು. ಕೈ ತೊಳೆದುಕೊಂಡು ಒರೆಸಲು ತಂತಿಯ ಮೇಲಿನ ಬಟ್ಟೆಗೆ ಕೈ ಹಾಕಿದೆ. ಸೋಮವಾರ ಎಣ್ಣೆ ಭಂಡಾರ ಒರೆಸಿ ತಂತಿಗೆ ಹಾಕಿದ್ದ ಅದೇ ಧೋತರದ ತುಂಡು. ಎಳೆದೆ, ಮಡಿಕೆ ಬಿಚ್ಚಿತು. ಮೇಲೆ ಬಿಸಿಲಿಗಿದ್ದ ಭಾಗ ಬೆಳ್ಳಗಿತ್ತು. ಮಡಿಕೆಯ ಒಳಗಿದ್ದ ಭಾಗ ಅಚ್ಚ ಹಳದಿ. ನಡುವೆ ಸ್ಕೇಲು ಇಟ್ಟು ಎಳೆದಂತೆ ಒಂದು ಗೆರೆ.

ಅದನ್ನು ಹಿಡಿದುಕೊಂಡು ಹಾಗೇ ನಿಂತೆ. ಅರಿಶಿನದ ಸೀರೆಯನ್ನು, ಉಪ್ಪಿನಕಾಯಿ ಎಣ್ಣೆ ಬಿದ್ದ ಅಂಗಿಯನ್ನು ಬಿಸಿಲಿಗೆ ಹಾಕುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಗಾಡಿಗೂ ಬಟ್ಟೆಗೂ ನಾನು ತಾಳೆ ಹಾಕಿರಲಿಲ್ಲ, ಅಷ್ಟೇ. ಹಾಗಾದರೆ ಗಾಡಿಯ ಹಳದಿಯೂ ಬಿಸಿಲಿಗೆ ಇಳಿಯಬೇಕು. ಆದರೆ ನಾನೇ ಅದರ ಮೇಲೆ ಬಿಸಿಲು ತಡೆಯುವ ಸೀಲಂಟ್ ಹಚ್ಚಿ ಕೂಡಿಸಿದ್ದೆ. ಬಣ್ಣ ಕಾಯಲಿ ಎಂದು ಹಚ್ಚಿದ್ದು ಕಲೆಯನ್ನೂ ಕಾಯುತ್ತ ಕುಳಿತಿತ್ತು.

ಊಟಕ್ಕೆ ಹೋಗಲಿಲ್ಲ. ಆಗ ಹನ್ನೊಂದು ಗಂಟೆ. ಹಾವೇರಿಗೆ ಮೂರಕ್ಕೆ ಮುಟ್ಟಬೇಕೆಂದರೆ ಎರಡಕ್ಕೆ ಹೊರಡಬೇಕು. ಮೂರು ತಾಸು ಕೈಯಲ್ಲಿತ್ತು. ಎಡಬಾಗಿಲಿನ ಮೇಲಿನ ಐದು ಬೆರಳುಗಳನ್ನೇ ಪರೀಕ್ಷೆಗೆ ತೆಗೆದುಕೊಂಡೆ. ಹೆಬ್ಬೆರಳು, ತೋರುಬೆರಳಿನ ಗುರುತನ್ನು ಮುಟ್ಟಲಿಲ್ಲ, ಸೀಲಂಟ್ ಹಾಗೇ ಇರಲಿ ಎಂದು ಬಿಟ್ಟೆ. ಉಳಿದ ಮೂರರ ಮೇಲಿನ ಸೀಲಂಟನ್ನು ಅರ್ಧ ನೀರು, ಅರ್ಧ ಸ್ಪಿರಿಟ್ ಹಾಕಿದ ಬಟ್ಟೆಯಿಂದಲೂ ಕೈ ಪಾಲಿಶಿನಿಂದಲೂ ತೆಗೆದೆ. ಅದರಲ್ಲಿ ಕಿರುಬೆರಳಿನ ಮೇಲೆ ಕಪ್ಪು ಕಾಗದ ಅಂಟಿಸಿದೆ. ಗಾಡಿಯನ್ನು ತಿರುಗಿಸಿ ಎಡಮಗ್ಗುಲನ್ನು ಸೂರ್ಯನಿಗೆ ಹಿಡಿದೆ.

“ಈಗೇನ್ರಿ?” ಡ್ರೈವರ್ ಕೇಳಿದ.

“ಈಗ ಕುಂದ್ರೂದು.”

“ಬರೇ ಕುಂದ್ರೂದು?”

“ಬರೇ ಕುಂದ್ರೂದು ಭಾಳ ತ್ರಾಸಿನ ಕೆಲಸ ಐತಿ. ಮಾಡಿ ನೋಡು.”

ಹನ್ನೆರಡೂವರೆಗೆ ಬಸ್ಸಿಳಿದು ಅವನ ತಾಯಿ ಬಂದಳು. ಮಗ ಫೋನಿನಲ್ಲಿ ಏನು ಹೇಳಿದ್ದನೋ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು.

“ಎಣ್ಣಿ ಯಾಕ ಹಚ್ಚಿದೆವ್ವಾ ನೀ? ಪುಡಿ ಸಾಲ್ತಿರಲಿಲ್ಲೇನು?” ಮಗ ರೇಗಿದ.

“ಎಣ್ಣಿ ಕಾಣದ ನಿನ್ನ ತಲಿ ಹೆಂಗಾಗೇತಿ ನೋಡ್ಕೋ. ಹಂಗ ಆಗಬಾರದಂತ ಹಚ್ಚೇನಿ,” ಅಂದವಳು ನನ್ನ ಕಡೆ ತಿರುಗಿದಳು. “ಯಪ್ಪಾ, ಖರೇ ಹೇಳು. ಇದು ಹೋಗದಂಗ ಆ ಮೈಲಾರಪ್ಪನೇ ಹಿಡ್ದಾನೇನು? ನಾವು ಏನರ ತಪ್ಪ ನಡದೇವೇನು?”

“ತಪ್ಪ ನಡದಾಂವ ನಾನ್ರಿ ಯವ್ವಾ. ನೋಡದ ಹಚ್ಚಿಬಿಟ್ಟೆ. ದೇವರ ಕೈವಾಡ ಏನೂ ಇಲ್ಲ.”

ಅವಳು ಬಾಗಿಲಿನ ಮೇಲಿನ ತನ್ನದೇ ಬೆರಳುಗಳನ್ನು ಹತ್ತಿರದಿಂದ ನೋಡಿದಳು. ಬಳಿಕ ಡ್ರೈವರನ ಪಕ್ಕದಲ್ಲಿ ಕುಳಿತಳು. ಬುಟ್ಟಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿದ್ದಳು. ಮಗ ಮುಟ್ಟಲಿಲ್ಲ. ಅವನು ಹೊಟ್ಟೆಗೆ ಹಾಕದೆ ಇರುವುದು ಅವಳಿಗೆ ಗಾಡಿಯ ಕಲೆಗಿಂತ ದೊಡ್ಡ ಚಿಂತೆಯಾಯಿತು.

ಒಂದೂಮುಕ್ಕಾಲಿಗೆ ಮೂವರೂ ಬಾಗಿಲ ಮುಂದೆ ಬಗ್ಗಿದೆವು. ಹೆಬ್ಬೆರಳು, ತೋರುಬೆರಳು ಬೆಳಿಗ್ಗೆ ಇದ್ದಷ್ಟೇ ಹಳದಿ, ಹೆಚ್ಚೆಂದರೆ ಒಂದಿಷ್ಟು ಮಾಸಿತ್ತು. ನಡುವಿನ ಎರಡು ಬೆರಳು ಹುಡುಕಿದರೆ ಮಾತ್ರ ಸಿಗುವಷ್ಟು ತೆಳುವಾಗಿದ್ದವು. ಕಪ್ಪು ಕಾಗದ ಕಿತ್ತೆ. ಕೆಳಗಿನ ಕಿರುಬೆರಳು ಆಗ ತಾನೇ ಮೂಡಿಸಿದಂತಿತ್ತು.

ಈಗ ಎರಡೇ ದಾರಿ. ಹಾವೇರಿಗೆ ಹೋದರೆ ಬಣ್ಣ ಖಂಡಿತ, ಅನುಮಾನವೂ ಖಂಡಿತ. ಇಲ್ಲೇ ಉಳಿದರೆ ಒಂದೂವರೆ ಹಗಲಿನ ಬಿಸಿಲು. ಅದು ಸಾಲದಿದ್ದರೆ ಬೇರೆ ಉಪಾಯವಿಲ್ಲ. ಕಾರ್ತಿಕ ಮುಗಿದಿತ್ತು, ಬಿಸಿಲಿಗೆ ಬೇಸಿಗೆಯ ಕಸುವಿಲ್ಲ. ಅಲ್ಲದೆ, ಬಂದ ಗಿರಾಕಿಗೆಲ್ಲ ‘ಪಾಲಿಶ್ ಆದ ಗಾಡಿ ನೆರಳಿನಲ್ಲಿ ನಿಲ್ಲಿಸಿ’ ಎಂದು ಬಾಯಿಪಾಠ ಒಪ್ಪಿಸುವವನು ನಾನು. ಏನೂ ಹಚ್ಚದ ಬರಿಮೈ ಗಾಡಿಯನ್ನು ಬೇಕೆಂದೇ ಉರಿಬಿಸಿಲಿಗೆ ನಿಲ್ಲಿಸಬೇಕು. ಡ್ರೈವರನ ಮುಖ ನೋಡಿದೆ. ಅವನು ನನ್ನ ಮುಖ ನೋಡುತ್ತಿದ್ದ.

ಉಸ್ತಾದರಿಗೆ ಫೋನ್ ಮಾಡಿ, ಬರುವುದಿಲ್ಲ ಎಂದೆ.

ಆಮೇಲೆ ನಿಂತ ಕಾಲಲ್ಲಿ ಕೆಲಸ. ಬಾನೆಟ್, ಟಾಪು, ಬಾಗಿಲು, ಒಂದೊಂದನ್ನೂ ನೆರಳಿಗೆ ತಂದು ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಅತಿ ಸಣ್ಣ ಪಾಲಿಶಿನಿಂದ ಕೈಯಲ್ಲೇ ತಿಕ್ಕಿ ಸೀಲಂಟ್ ಇಳಿಸಿದೆ. ಇಳಿಯಿತೋ ಇಲ್ಲವೋ ತಿಳಿಯಲು ನೀರು ಚಿಮುಕಿಸಿ ನೋಡಬೇಕು. ಸೀಲಂಟ್ ಇದ್ದ ಕಡೆ ನೀರು ಮುತ್ತಿನಂತೆ ಗುಂಡಗೆ ನಿಲ್ಲುತ್ತದೆ. ಆ ಮುತ್ತು ತೋರಿಸಿಯೇ ನಾನು ಗಿರಾಕಿಗಳಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವುದು. ಅವತ್ತು ಮುತ್ತು ಕಂಡಲ್ಲೆಲ್ಲ ಮತ್ತೆ ತಿಕ್ಕುತ್ತಿದ್ದೆ. ನೀರು ಚಾಪೆಯಂತೆ ಹರಡಿ ನಿಂತ ಮೇಲೆ ಮುಂದಿನ ಜಾಗ. ಡ್ರೈವರ್ ಚಿಮುಕಿಸುವ ಬಾಟಲಿ ಹಿಡಿದು ಹಿಂದೆ ಹಿಂದೆ ಬಂದ. ಮೂರೂವರೆಗೆ ಗಾಡಿ ಬರಿಮೈಯಾಯಿತು. ಐದರವರೆಗೆ ಸಿಕ್ಕಷ್ಟು ಬಿಸಿಲು ಕುಡಿಸಿದೆವು. ತಾಯಿಯನ್ನು ಹೆಂಡತಿ ನಮ್ಮ ಮನೆಯಲ್ಲೇ ಇಳಿಸಿಕೊಂಡಳು. ಡ್ರೈವರ್ ಶೆಡ್ಡಿನಲ್ಲಿ ಗಾಡಿ ಪಕ್ಕ ಮಲಗಿದ.

ಗುರುವಾರ ಏಳೂವರೆಗೇ ಗಾಡಿ ಅಂಗಳಕ್ಕೆ ಬಂತು. ತಾಸಿಗೊಮ್ಮೆ ಸೂರ್ಯನ ಕಡೆಗೆ ತಿರುಗಿಸುವುದು, ವೈಪರ್ ಎತ್ತಿ ನಿಲ್ಲಿಸುವುದು, ಕನ್ನಡಿ ಮಡಚುವುದು. ಎಲ್ಲೂ ನೆರಳಿನ ಗೆರೆ ಬೀಳಬಾರದು. ಧೂಳು ಕೂತರೆ ಒರೆಸುವಂತಿಲ್ಲ, ನೀರಿನಿಂದ ಇಳಿಸಬೇಕು. ದೊಡ್ಡ ಭಯ ಇದ್ದದ್ದು ಹಕ್ಕಿಗಳದು. ಅಂಗಳದ ಮೇಲೆ ವಿದ್ಯುತ್ ತಂತಿ ಹಾದುಹೋಗಿದೆ, ಕಾಗೆಗಳು ಸಾಲುಗಟ್ಟಿ ಕೂಡುತ್ತವೆ. ಬರಿಮೈ ಬಣ್ಣದ ಮೇಲೆ ಹಿಕ್ಕೆ ಬಿದ್ದು ಅರ್ಧ ತಾಸು ಕಾದರೆ ಬೇರೆಯೇ ಕಲೆಯಾಗುತ್ತದೆ. ತಾಯಿ ನಮ್ಮ ಮನೆಯ ಬಟ್ಟೆ ಒಣಹಾಕುವ ಗಳ ಹಿಡಿದು ಕಾವಲಿಗೆ ನಿಂತಳು.

“ಹೇ! ನನ್ನ ಮಗನ ಗಾಡಿ ಮ್ಯಾಲೆ ಹೇತು ನೋಡ, ರೆಕ್ಕಿ ಕಿತ್ತ ಕೈಯಾಗ ಕೊಡ್ತೇನಿ!”

ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬ ಬೈಕಿನವನು ಕೇಳಿದ, “ಏನ್ ಯಜಮಾನ್ರ, ಗಾಡಿ ಒಣಾ ಹಾಕೀರೇನು? ಹಪ್ಪಳ ಆದ ಮ್ಯಾಲೆ ಹೇಳ್ರಿ!”

“ನಿಂದೂ ತಗೊಂಬಾರೋ, ಸಂಡಿಗಿ ಮಾಡಿ ಕೊಡ್ತಾರ,” ಎಂದಳು ತಾಯಿ.

ಹನ್ನೊಂದರ ಹೊತ್ತಿಗೆ ಬಾನೆಟ್ಟಿನ ಮೋಡ ಕರಗಿ ಅಲ್ಲೊಂದು ಇಲ್ಲೊಂದು ತುಣುಕಾಗಿತ್ತು. ಟಾಪು ಚೊಕ್ಕವಾಗಿತ್ತು. ಆಗ ನಿಜವಾದ ಮೋಡ ಬಂತು. ಎಲ್ಲೋ ಸಮುದ್ರದ ಮೇಲೆ ಗಾಳಿ ಎದ್ದಿದೆಯಂತೆ. ಅಂಗಳ ಬೂದಿ ಬಣ್ಣಕ್ಕೆ ತಿರುಗಿತು.

“ಸೂರ್ಯಾನೂ ರಜಾ ಹಾಕಿದ್ನಲ್ರಿ ಭಾಯ್,” ಎಂದ ಡ್ರೈವರ್. ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. ಹಾವೇರಿಯ ಗ್ಯಾರೇಜಿಗೆ ಈಗ ಹೋಗಿಯೂ ಉಪಯೋಗವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಡೈರಿಯಲ್ಲಿ ಆ ಹೊತ್ತಿಗೆ ಬರೆದದ್ದು ಒಂದೇ ಪದ: ‘ಮೋಡ.’

ಎರಡೂ ಹತ್ತಕ್ಕೆ ಬಿಸಿಲು ಮತ್ತೆ ಬಿತ್ತು. ಕಳೆದುಹೋದ ಮೂರು ತಾಸನ್ನು ಹೇಗೆ ತುಂಬಿಸುವುದು? ಬಾಗಿಲುಗಳ ಕೆಳಭಾಗಕ್ಕೆ ಮೊದಲೇ ಬಿಸಿಲು ನೇರ ಬೀಳುತ್ತಿರಲಿಲ್ಲ. ಒಳಗೆ ಹೋಗಿ ಅಲ್ಮೇರಾದ ಬಾಗಿಲಿಂದ ಉದ್ದ ಕನ್ನಡಿ ಬಿಚ್ಚತೊಡಗಿದೆ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಒಡೆದರೆ ಮುಖ ಎಲ್ಲಿ ನೋಡಿಕೊಳ್ಳಲಿ?” ಎಂದು ನಮ್ಮ ಮಾತಿನಲ್ಲಿ ಕೇಳಿದಳು.

“ನಿನ್ನ ಮುಖ ನಾನೇ ಹೇಳುತ್ತೇನೆ, ಹೇಗಿದೆ ಅಂತ.”

“ಮೂವತ್ತು ವರ್ಷದಲ್ಲಿ ಹೇಳಿದ್ದು ಸಾಕು,” ಎಂದವಳೇ ಕನ್ನಡಿಯ ಇನ್ನೊಂದು ತುದಿ ಹಿಡಿದಳು.

ಕನ್ನಡಿಯನ್ನು ನೆಲಕ್ಕೆ ಓರೆಯಾಗಿ ಒರಗಿಸಿ ಬಿಸಿಲನ್ನು ಬಲಬಾಗಿಲಿನ ಕೆಳಗೆ ಹಾಯಿಸಿದೆವು. ಬಿಸಿಲು ಸರಿದಂತೆ ಕನ್ನಡಿ ಸರಿಸಬೇಕು. ಒಂದೇ ಕಡೆ ಬಹಳ ಹೊತ್ತು ಕಾಯಬಾರದೆಂದು ನಾನು ಆಗಾಗ ಅಂಗೈ ಇಟ್ಟು ಬಿಸಿ ನೋಡುತ್ತಿದ್ದೆ. ನಾಲ್ಕೂವರೆವರೆಗೆ ಇದೇ ಕೆಲಸ. ಬಲ ಮುಗಿಸಿ ಎಡ.

ಐದಕ್ಕೆ, ಬಿಸಿಲು ಇನ್ನೂ ಇರುವಾಗಲೇ, ನಾಲ್ವರೂ ಗಾಡಿಯ ಸುತ್ತ ಬಂದೆವು. ನನ್ನ ಕಣ್ಣಿನ ಮೇಲೆ ನನಗೇ ಭರವಸೆ ಇರಲಿಲ್ಲ. ಹೆಂಡತಿ ಪೆಟ್ರೋಲ್ ಮುಚ್ಚಳದ ಹತ್ತಿರ ಉಳಿದಿದ್ದ ಒಂದು ಬೆರಳಿನ ಗುರುತು ತೋರಿಸಿದಳು. ಅದನ್ನು ಕೈ ಪಾಲಿಶಿನಿಂದ ಹತ್ತು ಸಲ ಸವರಿದೆ, ಹೋಯಿತು. ಏಣಿನ ಬೂದು ಗೆರೆಯ ಮೇಲೆ ಉಗುರಿನಷ್ಟು ಟಚಪ್ ಬಣ್ಣವನ್ನು ಸಣ್ಣ ಕುಂಚದಿಂದ ಮುಟ್ಟಿಸಿದೆ. ತಾಯಿ ಎಡಬಾಗಿಲಿನ ಮೇಲೆ ಅಂಗೈಯಾಡಿಸಿ, “ಇಲ್ಲೇ ಇಟ್ಟಿದ್ನಲ್ಲ ನಾ,” ಎಂದು ಮೂರು ಸಲ ಜಾಗ ಹುಡುಕಿದಳು. ಸಿಗಲಿಲ್ಲ.

“ಈಗ ಸೀಲಂಟ್ ಹಚ್ಚರಿ ಭಾಯ್,” ಅಂದ ಡ್ರೈವರ್.

“ಇಲ್ಲ, ಮೇಣ. ಒಳಗ ಇನ್ನೂ ಏನರ ಉಳಿದಿದ್ರ ಸೀಲಂಟ್ ಮತ್ತ ಅದನ್ನ ಕೂಡಿ ಹಾಕ್ತೈತಿ. ಮೇಣ ಹಂಗಲ್ಲ, ಬ್ಯಾಡಂದ್ರ ಸೋಪಿಗೆ ಹೋಗ್ತೈತಿ. ಮುಂದಿನ ತಿಂಗಳು ಬಾ, ಅಷ್ಟರಾಗ ಎಲ್ಲಾ ತೊಳಕೊಂಡು ಹೋಗಿರ್ತೈತಿ. ಆವಾಗ ಸೀಲಂಟ್.”

ಮೈ ತಣ್ಣಗಾದ ಮೇಲೆ ಶೆಡ್ಡಿನ ಬಾಯಲ್ಲೇ, ಪರದೆ ಎತ್ತಿಟ್ಟುಕೊಂಡೇ ಹಚ್ಚಿದೆ. ಮೇಣಕ್ಕೆ ಅವಸರ ಆಗುವುದಿಲ್ಲ. ಸ್ಪಂಜಿನ ತುದಿಗೆ ಕಡಲೆಬೇಳೆಯಷ್ಟು, ಸಣ್ಣ ಸಣ್ಣ ಸುತ್ತು, ಒಂದು ಸಲಕ್ಕೆ ಮೊಳದಷ್ಟು ಜಾಗ. ದಪ್ಪ ಮೆತ್ತಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸುವ ಕಷ್ಟ ಹೆಚ್ಚುತ್ತದೆ. ಮಂಜಿನಂತೆ ಮಬ್ಬು ಕಟ್ಟಿದ ಮೇಲೆ ಬೆರಳು ಎಳೆದು ನೋಡಬೇಕು. ಗೆರೆ ಚೊಕ್ಕವಾಗಿ ಬಂದರೆ ಒರೆಸಲು ಹೊತ್ತಾಯಿತು ಎಂದು. ಒಂದೊಂದು ಕಡೆ ಒರೆಸಿದಂತೆಲ್ಲ ಒಳಗಿನಿಂದ ಬಿಳುಪು ಏಳುತ್ತ ಬಂತು.

ಶುಕ್ರವಾರ ತಾಯಿ ಮಗ ನನ್ನನ್ನೂ ಕರೆದುಕೊಂಡು ಹೋದರು. ತೊಡೆಯ ಮೇಲೆ ಮೆತ್ತನೆಯ ಬಟ್ಟೆ ಮಡಚಿಟ್ಟುಕೊಂಡು ಹಿಂದೆ ಕುಳಿತಿದ್ದೆ. ಕಚೇರಿಯ ಆವರಣದಲ್ಲಿ ಇಳಿದವನೇ ರಸ್ತೆಯ ಧೂಳನ್ನು ತೆಗೆದು ಗೋಡೆಯ ಪಕ್ಕಕ್ಕೆ ಸರಿದೆ.

ತಪಾಸಣೆಗೆ ಬಂದ ಅಧಿಕಾರಿ ಕಾಗದಪತ್ರ ನೋಡಿದರು, ಸ್ಟೆಪ್ನಿ ನೋಡಿದರು. ಆಮೇಲೆ ಬಾನೆಟ್ಟಿಗೆ ಬಂದು ನಿಂತರು. ಬಹಳ ಹೊತ್ತು ನಿಂತರು. ಹದಿನೈದು ಹೆಜ್ಜೆ ದೂರದಿಂದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

“ಆರು ವರ್ಷದ ಗಾಡಿ ಅಂತೀರಿ. ಬಣ್ಣ ಹೊಡೆಸೀರೇನು?”

“ಇಲ್ರಿ ಸಾಹೇಬ್ರ.”

“ಮತ್ತ ಇದು ಇಷ್ಟ ಬೆಳ್ಳಗ ಹೆಂಗ ಐತಿ?”

“ಬಿಸಿಲಿಗೆ ಹಾಕಿದ್ವಿರಿ,” ಅಂದ ಡ್ರೈವರ್.

ಅಧಿಕಾರಿ ಅವನನ್ನು ಒಂದು ಗಳಿಗೆ ನೋಡಿದರು. ಬಳಿಕ ಬಾಗಿಲು ತೆಗೆದು ರಬ್ಬರನ್ನು ಬೆರಳಿನಿಂದ ಹಿಂದೆ ಸರಿಸಿ ಅಂಚು ನೋಡಿದರು. ಎಲ್ಲಿ ಹೊಸ ಬಣ್ಣದ ಗೆರೆ ಸಿಗುತ್ತದೋ ಸರಿಯಾಗಿ ಅಲ್ಲೇ. ನಾಲ್ಕೂ ಬಾಗಿಲು ಹಾಗೇ ನೋಡಿದರು, ಬಾನೆಟ್ ಎತ್ತಿ ತಿರುಪುಗಳನ್ನು ನೋಡಿದರು. ನೋಡುವ ಕಣ್ಣಿದ್ದವರು. ಕೊನೆಗೆ ಬಾನೆಟ್ ಮುಚ್ಚಿ, ಅದರ ಮೇಲೆಯೇ ಕಾಗದ ಇಟ್ಟುಕೊಂಡು ಸಹಿ ಮಾಡಿದರು. “ಗಾಡಿ ಚೊಲೋ ಇಟ್ಟೀರಿ. ಸೋಮವಾರ ಒಂಬತ್ತಕ್ಕ ಹಾಜರಿರಬೇಕು.”

ಗೇಟಿನ ಹೊರಗೆ ಬಂದ ಮೇಲೆ ಡ್ರೈವರ್ ಗಾಡಿ ನಿಲ್ಲಿಸಿ ಕೀಲಿ ನನ್ನ ಕೈಗಿಟ್ಟ. “ನೀವ ಹೊಡೀರಿ ಭಾಯ್. ಇವತ್ತ ನಾ ಪ್ಯಾಸೆಂಜರ್.” ಹದಿನೆಂಟು ವರ್ಷ ಗಾಡಿ ಹೊಡೆದವನನ್ನು ಪಕ್ಕಕ್ಕೆ ಕೂಡಿಸಿಕೊಂಡು ನಾನು ಹೊಡೆದೆ. ಹಿಂದೆ ತಾಯಿ ಸೀಟಿಗೆ ತಲೆಯಾನಿಸಿ, ಮೋಟೆಬೆನ್ನೂರು ಬರುವ ಮೊದಲೇ ನಿದ್ದೆ ಹೋದಳು. ಬುಧವಾರದಿಂದ ಬಿಗಿದುಕೊಂಡಿದ್ದ ನನ್ನ ಹೆಗಲು ಆಗ ಸಡಿಲಾದದ್ದು ನನಗೇ ತಿಳಿಯಿತು. ಬಿಸಿಲು ಬಾನೆಟ್ಟಿನ ಮೇಲಿಂದ ಕಣ್ಣಿಗೆ ಹೊಡೆಯುತ್ತಿತ್ತು, ಹೊಡೆಯಲಿ ಎಂದು ಬಿಟ್ಟೆ.

ಸ್ವಲ್ಪ ದೂರ ಹೋದ ಮೇಲೆ ಪಕ್ಕದಿಂದ ಮೆಲ್ಲಗೆ ದನಿ ಬಂತು.

“ಭಾಯ್, ಸ್ವಲ್ಪ ಲಗೂ ಹೊಡೀರಿ. ಭಾಳ ಹಸಿವ್ಯಾಗೇತಿ.”